ಪೇಟಿ ಮುಂದಿಟ್ಟುಕೊಂಡು ಬಾಖ್‌ನಿಂದ ಶುರು ಮಾಡಿ

ಹುಬ್ಬಳ್ಳಿ ದುರ್ಗದಬೈಲ್ ಹತ್ತಿರದ ಓಣಿಯಲ್ಲಿ ನಾನು ಪೇಟಿ, ಅಂದ್ರೆ ಹಾರ್ಮೋನಿಯಂ, ರಿಪೇರಿ ಮಾಡ್ತೀನಿ. ಗಾಯನ ಕಲಿಯುವ ಹುಡುಗರು ಆಗಾಗ ಕೇಳ್ತಾರೆ, "ಕಾಕಾ, ವೆಸ್ಟರ್ನ್ ಕ್ಲಾಸಿಕಲ್ ಇತಿಹಾಸ ತಿಳ್ಕೋಬೇಕು, ಎಲ್ಲಿಂದ ಶುರು ಮಾಡ್ಲಿ?" ಇಸವಿಗಳ ಪಟ್ಟಿಯಿಂದಂತೂ ಬೇಡ. ಪೇಟಿಯಿಂದ ಶುರು ಮಾಡಿ. ಅದು ಬಂದಿದ್ದೇ ಅಲ್ಲಿಂದ. 1842ರಲ್ಲಿ ಪ್ಯಾರಿಸ್‌ನ ಅಲೆಕ್ಸಾಂಡರ್ ಡೆಬೆನ್ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಅದು ಕಾಲಿನಿಂದ ಗಾಳಿ ಹಾಕುವ ವಾದ್ಯ. ನಮ್ಮ ಕೈಪೇಟಿ ಆಮೇಲೆ ಕಲ್ಕತ್ತೆಯಲ್ಲಿ ತಯಾರಾಯಿತು.

ಬಿಳಿ ಒಂದನ್ನು (ವೆಸ್ಟರ್ನ್‌ನವರ C) ಸಾ ಮಾಡಿಕೊಳ್ಳಿ. ಸಾ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿ. ಈಗ ಗ ಬಿಟ್ಟು ಕೋಮಲ ಗ ಹಿಡಿಯಿರಿ. ಮೊದಲನೆಯದು ಮೇಜರ್, ಎರಡನೆಯದು ಮೈನರ್. ಮುಂದೆ ಮ-ಧ-ಸಾ, ಆಮೇಲೆ ಪ-ನಿ-ರೆ ಒತ್ತಿ ಅಲ್ಲೇ ನಿಲ್ಲಿಸಿ. ವಾಪಸ್ ಸಾ-ಗ-ಪಗೆ ಹೋಗ್ಬೇಕು ಅಂತ ಕಿವಿ ಒದ್ದಾಡುತ್ತೆ, ಅಲ್ವಾ? ನಮ್ಮಲ್ಲಿ ತಂಬೂರಿ ಕದಲೋದಿಲ್ಲ, ಸ್ವರ ಅದರ ಮೇಲೆ ಓಡಾಡುತ್ತೆ. ಅವರಲ್ಲಿ ಕೆಳಗಿನ ನೆಲವೇ ಸರಿಯುತ್ತೆ. ಸುಮಾರು 1600ರಿಂದ 1900ರವರೆಗಿನ ಸಂಗೀತ ಬಹುಪಾಲು ಈ ಎಳೆತದ ಮೇಲೆಯೇ ನಿಂತಿದೆ. ಹಾಗಾಗಿ ಏನೇ ಕೇಳಿದರೂ ಮೇಲಿನ ಧಾಟಿ ಬಿಟ್ಟು ತೀರ ಕೆಳಗಿನ ಧ್ವನಿಯ ಬೆನ್ನು ಹತ್ತಿ. ನಮ್ಮ ಕಿವಿಗೆ ಇದು ಕಷ್ಟ. ಮೊದಲಿಂದ ಒಂದೇ ಧ್ವನಿ ಹಿಡಿದು ಕೂತವರು ನಾವು.

ಇನ್ನು ಜರ್ಮನಿಯ ಸಂಗೀತ ರಚನಕಾರ ಬಾಖ್, 1685ರಿಂದ 1750. ಅವನ 'ವೆಲ್ ಟೆಂಪರ್ಡ್ ಕ್ಲೇವಿಯರ್' ಮೊದಲ ಭಾಗದ ಮೊದಲ ಪ್ರೆಲ್ಯೂಡ್ (ಪೀಠಿಕೆಯಂಥ ಸಣ್ಣ ರಚನೆ) ಹಾಕಿ, ಪೇಟಿಯಲ್ಲಿ ಜೊತೆಗೆ ನುಡಿಸಿ. ಮೊದಲ ಸಾಲು ಸಾ ಗ ಪ ಸಾ ಗ, ಎರಡನೆಯದು ಸಾ ರೆ ಧ ರೆ ಮ, ಮೂರನೆಯದು ಮಂದ್ರ ನಿ ರೆ ಪ ರೆ ಮ, ಮತ್ತೆ ಸಾ ಗ ಪ ಸಾ ಗ. ಪ್ರತಿ ಸಾಲಿನ ಮೊದಲ ಸ್ವರ ಮಾತ್ರ ನೋಡಿ: ಸಾ, ಸಾ, ನಿ, ಸಾ. ಕೆಳಗಿನವನು ಒಂದೇ ಹೆಜ್ಜೆ ಇಳಿದು ಹತ್ತಿದ. ಮೇಲಿನವರ ಬಣ್ಣವೆಲ್ಲ ಬದಲಾಯಿತು.

ಆ ಸಂಗ್ರಹ 1722ರದ್ದು. ಹನ್ನೆರಡು ಸ್ವರಗಳಲ್ಲಿ ಯಾವುದನ್ನು ಸಾ ಮಾಡಿಕೊಂಡರೂ ನಡೀಬೇಕು, ಮೇಜರ್ ಮೈನರ್ ಎರಡೂ, ಅಂದ್ರೆ 24. ಹಾಗಾಗಬೇಕಾದರೆ ಸ್ವರಗಳು ಸ್ವಲ್ಪ ಸ್ವಲ್ಪ ಬಗ್ಗಲೇಬೇಕು. ನನ್ನ ಕೆಲಸವೇ ಇದು. ರೀಡ್ ಅಂದ್ರೆ ಗಾಳಿಗೆ ಅದುರುವ ಲೋಹದ ಪಟ್ಟಿ, ಅದರ ತುದಿಯನ್ನು ಅರದಿಂದ ಒಂಚೂರು ಉಜ್ಜಿದರೆ ಸ್ವರ ಏರುತ್ತೆ, ಬುಡದಲ್ಲಿ ಉಜ್ಜಿದರೆ ಇಳಿಯುತ್ತೆ. ಈಗಿನ ಸಮ ಟ್ಯೂನಿಂಗ್‌ನಲ್ಲಿ ಗಾಂಧಾರ, ತಂಬೂರಿಯೊಳಗೆ ತಾನಾಗಿ ಕೇಳುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲೆ ಕೂರುತ್ತೆ. ಪಕ್ಕಪಕ್ಕದ ಎರಡು ಮನೆಗಳ ನಡುವೆ 100 ಸೆಂಟ್ ಅಂತರ ಅಂತ ಲೆಕ್ಕ. ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗಿಟ್ಟು 1971ರವರೆಗೆ ಒಳಗೆ ಬಿಡದೇ ಇದ್ದದ್ದಕ್ಕೆ ಈ ತಕರಾರೂ ಒಂದು ಕಾರಣ.

ಸಿಡಿಗಿಂತ ಚಲೋ ಪಾಠ ಬೇಕಾದರೆ ಕ್ರಿಸ್‌ಮಸ್ ಹೊತ್ತಿಗೆ ಧಾರವಾಡದ ಹಳೇ ಬಾಸೆಲ್ ಮಿಶನ್ ಪರಂಪರೆಯ ಚರ್ಚಿಗೆ ಹೋಗಿ. ಮಿಶನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಜರ್ಮನ್ ಧಾಟಿಗಳಿಗೆ ಕನ್ನಡ ಮಾತು ಕೂಡಿಸಿಕೊಂಡು. ಆ ಧಾಟಿಗಳ ಬೇರು ಲೂಥರ್ ಕಾಲದ್ದು. ಲೈಪ್‌ಜಿಗ್‌ನಲ್ಲಿ ಬಾಖ್ ನಾಲ್ಕು ಧ್ವನಿಗೆ ಕೂಡಿಸುತ್ತಿದ್ದದ್ದು ಇಂಥವನ್ನೇ. ದಪ್ಪ ಧ್ವನಿಯ ಗಂಡಸರ ಹತ್ತಿರ ಕೂತು ಕೇಳಿ.

ಇಷ್ಟಾದ ಮೇಲೆ ಹಿಂದಕ್ಕೆ ಹೋಗಿ. ಗ್ರೆಗೋರಿಯನ್ ಚಾಂಟ್, ಅಂದ್ರೆ ಚರ್ಚಿನ ಹಳೇ ಲ್ಯಾಟಿನ್ ಪ್ರಾರ್ಥನಾ ಗಾಯನ, ಒಂದೇ ಧ್ವನಿ, ನಮಗೆ ಸುಲಭ. ಸುಮಾರು 1025ರಲ್ಲಿ ಇಟಲಿಯ ಅರೆಝೊ ಊರಿನ ಸನ್ಯಾಸಿ ಗ್ವೀಡೊ ಗೆರೆಗಳ ಮೇಲೆ ಸ್ವರ ಬರೆಯುವ ಪದ್ಧತಿಯನ್ನು ಗಟ್ಟಿ ಮಾಡಿದ. ಬರೆದಿಟ್ಟಿದ್ದರಿಂದಲೇ ನಾಲ್ಕು ಜನ ನಾಲ್ಕು ದಾರಿಯಲ್ಲಿ ಹೋಗಿ ಒಂದೇ ಕಡೆ ಸೇರೋಕೆ ಸಾಧ್ಯವಾಯಿತು. ಪ್ಯಾರಿಸ್‌ನ ಪೆರೊಟಿನ್‌ನ 'ವಿಡೆರುಂಟ್ ಓಮ್ನೆಸ್' ಕೇಳಿ, ಸುಮಾರು 1198ರದ್ದು. ಕೆಳಗಿನವನು ಒಂದೇ ಸ್ವರವನ್ನು ತಂಬೂರಿಯ ಹಾಗೆ ಎಳೆದು ಹಿಡಿದಿರುತ್ತಾನೆ, ಮೇಲೆ ಮೂವರು ಕುಣಿಯುತ್ತಾರೆ. ಧಾರವಾಡದ ಕಿವಿಗೆ ಇದಕ್ಕಿಂತ ಒಳ್ಳೇ ಬಾಗಿಲು ನನಗೆ ಗೊತ್ತಿಲ್ಲ. 16ನೇ ಶತಮಾನದ ಇಟಲಿಯ ಪ್ಯಾಲೆಸ್ಟ್ರೀನಾ ಒಂದು ಸಲ ಕೇಳಿದರೆ ಸಾಕು. ಒಪೆರಾ, ಅಂದ್ರೆ ಹಾಡಿನ ನಾಟಕ, ಬೇಕಾದವರಿಗೆ 1607ರ ಮೊಂಟೆವೆರ್ಡಿಯ 'ಓರ್ಫೆಯೊ'. ವಿವಾಲ್ಡಿ ಜಾಹೀರಾತುಗಳಲ್ಲೇ ಬೇಕಾದಷ್ಟು ಸಿಗ್ತಾನೆ.

ಬಾಖ್ ಆದಮೇಲೆ ಹೈಡನ್. ಎಸ್ಟರ್‌ಹಾಜಿ ಅನ್ನೋ ಶ್ರೀಮಂತ ಮನೆತನದ ನೌಕರ, ದರ್ಬಾರಿನ ಸಮವಸ್ತ್ರ ಹಾಕಿಕೊಂಡು ಆಜ್ಞೆಯಾದ ಹಾಗೆ ಬರೆದವನು. 1772ರಲ್ಲಿ ಆ ಮನೆತನದ ರಾಜಕುಮಾರ ಹಳ್ಳಿಯ ಅರಮನೆಯಲ್ಲಿ ಜಾಸ್ತಿ ದಿನ ಉಳಿದುಬಿಟ್ಟ. ವಾದಕರಿಗೆ ಹೆಂಡತಿ ಮಕ್ಕಳ ನೆನಪು. ಹೈಡನ್ ಬಾಯಿಬಿಟ್ಟು ಏನೂ ಹೇಳಲಿಲ್ಲ. 45ನೇ ಸಿಂಫನಿಯ (ದೊಡ್ಡ ವಾದ್ಯವೃಂದಕ್ಕೆ ಬರೆದ ಕೃತಿ) ಕೊನೆಯಲ್ಲಿ ಒಬ್ಬೊಬ್ಬರೇ ನುಡಿಸೋದು ನಿಲ್ಲಿಸಿ, ದೀಪ ಆರಿಸಿ ಎದ್ದುಹೋಗುವ ಹಾಗೆ ಬರೆದ. ಕೊನೆಗೆ ಉಳಿಯುವುದು ಎರಡೇ ಪಿಟೀಲು. ರಾಜಕುಮಾರನಿಗೆ ತಿಳಿಯಿತು. ಯಾವ ಧ್ವನಿ ಎಲ್ಲಿ ಕಳಚಿಕೊಳ್ಳುತ್ತೆ ಅಂತ ಗಮನಿಸಿ, ಕಿವಿಗೆ ಇದೇ ತಾಲೀಮು.

ಬೀಥೋವನ್‌ನ ಐದನೆಯ ಸಿಂಫನಿ, ವಿಯೆನ್ನಾದಲ್ಲಿ 1808ರ ಡಿಸೆಂಬರ್ ಚಳಿಯಲ್ಲಿ ಮೊದಲು ನುಡಿದದ್ದು. ಮೂರು ಗಿಡ್ಡ ಪೆಟ್ಟು, ಒಂದು ಉದ್ದ. ಮೊದಲ ಭಾಗದ ಉದ್ದಕ್ಕೂ ಅದನ್ನೇ ಹುಡುಕಿ. ಆಮೇಲೆ ಶೂಬರ್ಟ್‌ನ ಹಾಡುಗಳು, ಬ್ರಾಮ್ಸ್. ವಾಗ್ನರ್‌ನ 1865ರ ಒಪೆರಾ 'ಟ್ರಿಸ್ಟಾನ್' ಈಗಲೇ ಪೂರ್ತಿ ಬೇಡ, ಮುನ್ನುಡಿ ಸಾಕು. ನೀವು ಪೇಟಿಯಲ್ಲಿ ಪ-ನಿ-ರೆ ಮೇಲೆ ನಿಂತಾಗ ಆದ ಒದ್ದಾಟವನ್ನು ಅವನು ಒಪೆರಾದ ಕೊನೆಯವರೆಗೂ ಎಳೆಯುತ್ತಾನೆ. 1894ರಲ್ಲಿ ಫ್ರಾನ್ಸಿನ ಡೆಬ್ಯುಸಿ ಆ ಎಳೆತದ ಹಂಗನ್ನೇ ಸಡಿಲಿಸಿದ.

1913ರ ಮೇ 29ರಂದು ಪ್ಯಾರಿಸ್‌ನಲ್ಲಿ ರಷ್ಯಾದ ಸ್ಟ್ರಾವಿನ್ಸ್ಕಿಯ ಬ್ಯಾಲೆ ನೃತ್ಯ 'ರೈಟ್ ಆಫ್ ಸ್ಪ್ರಿಂಗ್' ನಡೆದಾಗ ಸಭಿಕರು ಗಲಾಟೆ ಎಬ್ಬಿಸಿದರು. ಅದನ್ನೂ ಪೇಟಿಯಲ್ಲೇ ನೋಡಬಹುದು. ಎಡಗೈಯಲ್ಲಿ ಗ, ಕೋಮಲ ಧ, ನಿ. ಬಲಗೈಯಲ್ಲಿ ಅದರ ಮೇಲಿನ ಸಪ್ತಕದಿಂದ ಕೋಮಲ ಗ, ಪ, ಕೋಮಲ ನಿ, ಇನ್ನೂ ಮೇಲಿನ ಕೋಮಲ ರೆ. ಏಳೂ ಒಟ್ಟಿಗೆ. ಎರಡೂ ಕೈ ಬೇಕಾಗುತ್ತೆ, ಗಾಳಿ ಹಾಕೋಕೆ ತಮ್ಮನನ್ನೋ ತಂಗಿಯನ್ನೋ ಕೂರಿಸಿಕೊಳ್ಳಿ. ಸಮನಾಗಿ ಒತ್ತುತ್ತಾ ಹೋಗಿ, ನಡುವೆ ಊಹಿಸದ ಕಡೆ ಒಂದೊಂದು ಪೆಟ್ಟು ಜೋರಾಗಿ ಕೊಡಿ. ಪಕ್ಕದ ಮನೆಯವರು ಬಂದು ಬಾಗಿಲು ಬಡಿದರೆ ಸರಿಯಾಗಿ ನುಡಿಸ್ತಿದ್ದೀರಿ ಅಂತ ಅರ್ಥ.