ಹಸಿ ಹಾಲಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಇದ್ಯಾ? ಕೆಲವೇ ಗಂಟೇಲಿ ಗೊತ್ತಾಗೋ ನೀಲಿ ಬಣ್ಣದ ಟೆಸ್ಟ್

ಊರಿನ ಡೈರಿಲಿ ಹಾಲು ಟೆಸ್ಟ್ ಮಾಡೋರಿಗೆ, ರೈತ್ರ ಹತ್ರ ಹಾಲು ತಗೊಂಡು ಪನ್ನೀರು ಮಾಡೋರಿಗೆ ಇದು ತುಂಬಾ ಉಪಯೋಗಕ್ಕೆ ಬರುತ್ತೆ. ಲ್ಯಾಬಲ್ಲಿ ಪ್ಲೇಟ್ ಕೌಂಟ್ (ಬ್ಯಾಕ್ಟೀರಿಯಾ ಬೆಳೆಸಿ ಎಣಿಸೋ ಟೆಸ್ಟ್) ಮಾಡ್ಸಿದ್ರೆ ರಿಸಲ್ಟಿಗೆ 2 ದಿನ ಕಾಯ್ಬೇಕು, ಅಷ್ಟರಲ್ಲಿ ಹಾಲು ಕುಡ್ದು ಮುಗ್ದಿರುತ್ತೆ.

ಮೊದ್ಲು ಕುದ್ಸಿ ನೋಡಿ. ಟೆಸ್ಟ್ ಟ್ಯೂಬಲ್ಲಿ 5 ಎಂಎಲ್ ಹಾಲು ಹಾಕಿ ಕುದಿಯೋ ನೀರಲ್ಲಿ 5 ನಿಮಿಷ ಇಡಿ, ಒಡೆದ್ರೆ ಆ ಹಾಲನ್ನ ಬೇರೆ ಹಾಲಿಗೆ ಸೇರಿಸ್ಲೇಬೇಡಿ. ಆದ್ರೆ ಒಡೀಲಿಲ್ಲ ಅಂದ್ರೆ ಹಾಲು ಚೆನ್ನಾಗಿದೆ ಅಂತಲ್ಲ, ಯಾಕಂದ್ರೆ ಸಾಮಾನ್ಯವಾಗಿ ಬ್ಯಾಕ್ಟೀರಿಯಾ ವಿಪರೀತ ಬೆಳೆದು ಹುಳಿ ಏರಿದ್ಮೇಲೇನೇ ಹಾಲು ಒಡಿಯೋದು. ಅದಕ್ಕೂ ಮುಂಚೆ ಹಿಡೀಬೇಕು ಅಂದ್ರೆ ಮೆಥಿಲೀನ್ ಬ್ಲೂ ಟೆಸ್ಟೇ ಬೇಕು, ಡೈರಿಲಿ ಎಂಬಿಆರ್‌ಟಿ ಅಂತಾರಲ್ಲ ಅದು.

ಡೈರಿ ಕೆಮಿಕಲ್ಸ್ ಅಂಗಡೀಲಿ ಮೆಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣದ ಮಾತ್ರೆ ಸಿಗುತ್ತೆ, ಲೇಬಲ್ ಮೇಲೆ ಹೇಳಿರೋ ಅಳತೇಲೇ ಕುದ್ಸಿ ಆರ್ಸಿದ ನೀರಲ್ಲಿ ಕರಗ್ಸಿ ಕಂದು ಬಾಟ್ಲಲ್ಲಿ ಇಡಿ. ಕ್ಯಾನಲ್ಲಿರೋ ಹಾಲನ್ನ ಚೆನ್ನಾಗಿ ಕಲಕಿ, ಕುದಿಯೋ ನೀರಲ್ಲಿ ಅದ್ದಿ ತೆಗೆದ ಸೌಟಲ್ಲೇ ಸ್ಯಾಂಪಲ್ ತಗೋಬೇಕು. ಸ್ಟೆರೈಲ್ ಮಾಡಿದ, ಅಂದ್ರೆ ಬ್ಯಾಕ್ಟೀರಿಯಾ ಇಲ್ಲದಂಗೆ ಮಾಡಿದ ಟ್ಯೂಬಿಗೆ 10 ಎಂಎಲ್ ಹಾಲು, 1 ಎಂಎಲ್ ಬಣ್ಣ ಹಾಕಿ, ಸ್ಟೆರೈಲ್ ಬಿರಡೆ ಮುಚ್ಚಿ, ನಿಧಾನಕ್ಕೆ ತಲೆಕೆಳಗೆ ಮಾಡಿ ಬೆರ್ಸಿ. ಬೆರಳಲ್ಲಿ ಬಾಯಿ ಮುಚ್ಚಿ ಅಲ್ಲಾಡ್ಸೋರು ಬೇಕಾದಷ್ಟು ಜನ ಇದ್ದಾರೆ, ಕೈಯಲ್ಲಿರೋ ಬ್ಯಾಕ್ಟೀರಿಯಾನೂ ಲೆಕ್ಕಕ್ಕೆ ಸೇರಿಬಿಡುತ್ತೆ, ದಯವಿಟ್ಟು ಹಾಗೆ ಮಾಡ್ಬೇಡಿ. ಆಮೇಲೆ 37 ಡಿಗ್ರಿ ವಾಟರ್ ಬಾತಲ್ಲಿ (ಒಂದೇ ಬಿಸಿ ಕಾಯ್ದಿಡೋ ನೀರಿನ ತೊಟ್ಟಿ), ಬಿಸಿಲು ಬೀಳದ ಕಡೆ ಇಡಿ. ಪಕ್ಕದಲ್ಲೇ ಕುದ್ಸಿದ ಹಾಲಿಗೆ ಬಣ್ಣ ಹಾಕಿದ ಇನ್ನೊಂದು ಟ್ಯೂಬ್ ಇರ್ಲಿ, ಹೋಲ್ಸಿ ನೋಡೋಕೆ.

ಬ್ಯಾಕ್ಟೀರಿಯಾ ಹಾಲಲ್ಲಿರೋ ಆಕ್ಸಿಜನ್ ತಿಂದು ಮುಗಿಸ್ದಂಗೆ ನೀಲಿ ಹೋಗಿ ಹಾಲು ಮತ್ತೆ ಬಿಳಿ ಆಗುತ್ತೆ. ಅರ್ಧ ಗಂಟೆ ಒಳಗೇ ಬಿಳಿ ಆದ್ರೆ ತೀರಾ ಕೆಟ್ಟ ಹಾಲು, 1-2 ಗಂಟೆ ತಡೆದ್ರೆ ಸುಮಾರು, 3-4 ಗಂಟೆ ಅಂದ್ರೆ ಒಳ್ಳೇದು, 5 ಗಂಟೆ ದಾಟಿದ್ರೆ ತುಂಬಾ ಒಳ್ಳೇ ಹಾಲು. ಗಾಳಿ ತಾಗೋ ಮೇಲ್ಭಾಗದಲ್ಲಿ ಸ್ವಲ್ಪ ನೀಲಿ ಉಳ್ಕೊಳ್ಳುತ್ತೆ, ಅದಕ್ಕೆ ತಲೆ ಕೆಡ್ಸ್ಕೋಬೇಡಿ, ಐದ್ರಲ್ಲಿ ನಾಲ್ಕು ಭಾಗ ಬಿಳಿ ಆಯ್ತಂದ್ರೆ ಆ ಟೈಮ್ ಬರ್ಕೊಳ್ಳಿ. ಬಣ್ಣ ಹಾಕಿದ ಹಾಲನ್ನ ಯಾರೂ ಕುಡೀಬಾರ್ದು, ದನ ಕರುಗೂ ಇಡ್ಬೇಡಿ, ಚೆಲ್ಲಿಬಿಡಿ.

ಎಲ್ರ ಹಾಲು ಸೇರಿದ ದೊಡ್ಡ ಕ್ಯಾನಿಂದ ಸ್ಯಾಂಪಲ್ ತಗೊಂಡ್ರೆ ತಪ್ಪು ಎಲ್ಲಾಯ್ತು ಅಂತ ಗೊತ್ತಾಗಲ್ಲ. ಒಬ್ಬೊಬ್ಬ ರೈತ್ರ ಹಾಲಿಗೂ ಬೇರೆ ಬೇರೆ ಟ್ಯೂಬ್ ಇಡಿ, ಬೇಗ ಬಿಳಿ ಆಗಿದ್ದು ಯಾರದ್ದೋ ಅವ್ರ ಮನೆಗೆ ಹೋಗಿ ಕ್ಯಾನಿನ ಮುಚ್ಚಳದ ರಬ್ಬರ್, ಸೋಸೋ ಬಟ್ಟೆ, ಹಿಂಡೋ ಮುಂಚೆ ಕೆಚ್ಚಲು ತೊಳೀತಾರಾ ಅನ್ನೋದನ್ನ ಅವ್ರ ಜೊತೇಲೇ ಕೂತು ನೋಡಿ. ಬೈದು ಹಾಲು ವಾಪಸ್ ಕಳ್ಸೋದಕ್ಕಿಂತ ಇದೇ ಜಾಸ್ತಿ ಕೆಲ್ಸ ಮಾಡುತ್ತೆ.

ಈ ಟೆಸ್ಟ್ ಕೈಕೊಡೋ ಜಾಗಗಳೂ ಇವೆ. ಬಿಎಂಸಿಲಿ (ಊರಿನ ಹಾಲನ್ನೆಲ್ಲ ತಣ್ಣಗೆ ಇಡೋ ದೊಡ್ಡ ಟ್ಯಾಂಕ್, ಬಲ್ಕ್ ಮಿಲ್ಕ್ ಕೂಲರ್) 4 ಡಿಗ್ರಿಗೆ ತಣ್ಣಗಾದ ಹಾಲಲ್ಲಿ ಬೆಳೆಯೋ ಬ್ಯಾಕ್ಟೀರಿಯಾ ಬಣ್ಣವನ್ನ ನಿಧಾನಕ್ಕೆ ತೆಗೆಯುತ್ತೆ, ಹಾಲು ನಿಜಕ್ಕಿಂತ ಚೆನ್ನಾಗಿ ಕಾಣುತ್ತೆ. ಹಸುಗೆ ಆ್ಯಂಟಿಬಯಾಟಿಕ್ ಕೊಟ್ಟಿದ್ರೆ, ಇಲ್ಲಾ ಯಾರಾದ್ರೂ ಹಾಲಿಗೆ ಫಾರ್ಮಲಿನ್ (ಹಾಲು ಕೆಡದಿರ್ಲಿ ಅಂತ ಕಲಬೆರಕೆ ಮಾಡೋ ಕೆಮಿಕಲ್) ಬೆರ್ಸಿದ್ರೂ ನೀಲಿ ಗಂಟೆಗಟ್ಲೆ ಹೋಗಲ್ಲ. ಪ್ರತಿ ಸಲ 2 ಗಂಟೆ ತಡೀತಿದ್ದ ರೈತ್ರ ಹಾಲು ಒಂದಿನ ಇದ್ದಕ್ಕಿದ್ದಂಗೆ 7 ಗಂಟೆ ನೀಲಿ ಇದ್ರೆ ಖುಷಿ ಪಡ್ಬೇಡಿ, ಅವತ್ತೇ ಆ ಸ್ಯಾಂಪಲ್ನ ಕಲಬೆರಕೆ ಟೆಸ್ಟಿಗೆ ಕಳ್ಸಿ.