ಮೂಗು ಬಿಡಿ, ಪಕ್ಕೆ ನೋಡಿ

ಮಕ್ಕಳೊಂದಿಗೆ ಊರು ಬಿಟ್ಟು ಹೊಸದಾಗಿ ಈ ಪರದೇಶಕ್ಕೆ ಬಂದವರ ಮೊದಲ ಚಳಿಗಾಲ ಮೂಗು ಒರೆಸುವುದರಲ್ಲೇ ಕಳೆಯುತ್ತದೆ. ಡೇಕೇರ್‌ನಿಂದ ವಾರಕ್ಕೊಂದು ನೆಗಡಿ ಮನೆಗೆ ಬರುತ್ತದೆ. ಡಾಕ್ಟರ ಹತ್ತಿರ ಹೋದರೆ ಪ್ಯಾರಾಸಿಟಮಾಲ್ ಹೇಳಿ ಕಳಿಸಿಬಿಡುತ್ತಾರೆ ಅಂತ ಎಲ್ಲರೂ ಗೊಣಗುತ್ತೇವೆ. ಬರೀ ನೆಗಡಿಯಾದರೆ ಅವರು ಹೇಳುವುದೇ ಸರಿ. ತೊಂದರೆ ಏನೆಂದರೆ ಆರ್‌ಎಸ್‌ವಿ (ಉಸಿರಾಟದ ನಾಳಗಳಿಗೆ ತಗಲುವ ಒಂದು ವೈರಸ್), ಫ್ಲೂ, ಕೋವಿಡ್ ಕೂಡ ನೆಗಡಿಯ ವೇಷದಲ್ಲೇ ಒಳಗೆ ಬರುತ್ತವೆ.

ನನ್ನ ಮಗಳಿಗೆ ಆಗ ಐದು ತಿಂಗಳು. ಮೂರು ದಿನ ಮೂಗು ಸೋರಿತು, ನಾವು ತಲೆಕೆಡಿಸಿಕೊಳ್ಳಲಿಲ್ಲ. ನಾಲ್ಕನೆಯ ದಿನ ಹಾಲಿಗೆ ಬಾಯಿ ಹಾಕುತ್ತಾಳೆ, ಎರಡು ಗುಟುಕಿಗೇ ಬಿಟ್ಟು ಏದುಸಿರು ಬಿಡುತ್ತಾಳೆ. ಅಂಗಿ ಎತ್ತಿ ನೋಡಿದರೆ ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಕುಸಿಯುತ್ತಿತ್ತು. ಆರ್‌ಎಸ್‌ವಿ, ಎರಡು ರಾತ್ರಿ ಆಕ್ಸಿಜನ್ ಕೊಟ್ಟರು. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಮ್ಮಿ ಎಲ್ಲ ಮಕ್ಕಳಿಗೂ ಈ ವೈರಸ್ ತಗಲುತ್ತದೆ, ಬಹುಪಾಲು ಮಕ್ಕಳು ತಾವಾಗೇ ಹುಷಾರಾಗುತ್ತಾರೆ. ಆದರೆ ಎಳೆಗೂಸಿನ ಶ್ವಾಸಕೋಶದ ನಾಳಗಳು ತೀರಾ ಸಣ್ಣ, ತುಸು ಊತಕ್ಕೇ ಕಟ್ಟಿಕೊಳ್ಳುತ್ತವೆ. ಕಾಯಿಲೆ ಜೋರಾಗುವುದು ಸಾಮಾನ್ಯವಾಗಿ ಮೂರರಿಂದ ಐದನೆಯ ದಿನ.

ಮಗು ಅಳದೆ ಮಲಗಿರುವಾಗ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ಉಸಿರಾಟ ವೇಗವಾಗಿದೆ ಎಂದರ್ಥ. ತುಟಿ ನೀಲಿಗಟ್ಟಿದರೆ, ಉಸಿರು ನಡುನಡುವೆ ನಿಂತರೆ, ಪಕ್ಕೆ ಒಳಕ್ಕೆ ಎಳೆದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ತುರ್ತು ನಂಬರಿಗೆ ಫೋನ್ ಮಾಡಿ. ಇನ್ನೊಂದು: ಇಲ್ಲಿನ ಥರ್ಮಾಮೀಟರ್ ಸೆಲ್ಸಿಯಸ್‌ನದಾಗಿದ್ದರೆ 38 ಎಂದರೆ ನಮ್ಮ ಫ್ಯಾರನ್‌ಹೀಟ್ ಲೆಕ್ಕದ 100.4. ಮೂರು ತಿಂಗಳೊಳಗಿನ ಕೂಸಿಗೆ ಅಷ್ಟು ಜ್ವರ ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಬೇಕು.

ದೊಡ್ಡವರಲ್ಲಿ ಫ್ಲೂ ಬರುವ ರೀತಿಯೇ ಬೇರೆ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಮೈಕೈ ನೋವು, ಚಳಿಜ್ವರ ಅಂತ ಹಾಸಿಗೆ ಹಿಡಿಯುತ್ತಾರೆ. ಮನೆಗೆ ಬಂದಿರುವ ಅಪ್ಪ ಅಮ್ಮನಿಗೆ ವಯಸ್ಸಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ನಾಳೆ ನೋಡೋಣ ಅನ್ನಬೇಡಿ. ಫ್ಲೂ ಔಷಧಿ ಚೆನ್ನಾಗಿ ಕೆಲಸ ಮಾಡುವುದು ಮೊದಲ 48 ಗಂಟೆಯೊಳಗೆ ಶುರುಮಾಡಿದರೆ. ಸೂಟ್‌ಕೇಸಿನಲ್ಲಿ ತಂದ ಆಂಟಿಬಯಾಟಿಕ್ ವೈರಸ್ಸಿಗೆ ನಾಟುವುದಿಲ್ಲ. ಮಕ್ಕಳಿಗಂತೂ ಆಸ್ಪಿರಿನ್ ಕೊಡಲೇಬೇಡಿ.

ಫ್ಲೂ ಲಸಿಕೆ ಪ್ರತಿ ವರ್ಷ ಬೇಕು, ಆರು ತಿಂಗಳು ತುಂಬಿದ ಮಗುವಿಗೂ ಹಾಕಬಹುದು. ಅದು ಮೈಗೆ ಹತ್ತಲು ಎರಡು ವಾರ ಬೇಕು, ಹಾಗಾಗಿ ಚಳಿಗೆ ಮುಂಚೆಯೇ ಹಾಕಿಸಿ. ಆರ್‌ಎಸ್‌ವಿಗೆ 2023ರಿಂದೀಚೆಗೆ ಹಲವು ದೇಶಗಳಲ್ಲಿ ವಯಸ್ಸಾದವರಿಗೆ, ಬಸುರಿಯರಿಗೆ ಲಸಿಕೆ ಬಂದಿದೆ. ಹುಟ್ಟಿದ ಕೂಸಿಗೇ ಕೊಡುವ ಆಂಟಿಬಾಡಿ ಇಂಜೆಕ್ಷನ್ನೂ ಇದೆ. ಡಾಕ್ಟರೇ ಹೇಳಲಿ ಅಂತ ಕಾಯದೆ ನೀವೇ ಕೇಳಿ. ಮಗು ನೋಡಲು ಬಂದವರು ಸೋಪು ಹಚ್ಚಿ ಇಪ್ಪತ್ತು ಸೆಕೆಂಡ್ ಕೈ ತೊಳೆಯಲಿ, ನೆಗಡಿ ಇದ್ದವರು ಇನ್ನೊಂದು ದಿನ ಬರಲಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡಿ "ಮಗುವಿಗೆ ಶೀತ" ಎಂದಷ್ಟೇ ಹೇಳಿದರೆ ಕಾಯಿರಿ ಎನ್ನುತ್ತಾರೆ. ವಯಸ್ಸು ಎಷ್ಟು ತಿಂಗಳು, ನಿಮಿಷಕ್ಕೆ ಎಷ್ಟು ಉಸಿರು, ಹಾಲು ಎಷ್ಟು ಕುಡಿಯಿತು, ಡಯಾಪರ್ ಕೊನೆಗೆ ಒದ್ದೆಯಾಗಿದ್ದು ಎಷ್ಟು ಗಂಟೆಗೆ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೇ ಡಯಲ್ ಮಾಡಿ.