ಓಡುತ್ತಿರುವ ತಂತ್ರಾಂಶದಲ್ಲಿ ಕಾಲಂ ಬದಲಿಸುವುದು ಹೇಗೆ?

ನಮ್ಮಲ್ಲಿ ಎಷ್ಟೋ ಜನರಿಗೆ ‘ಕೊನೆಯ ಹೆಸರು’ ಎಂಬುದೇ ಇಲ್ಲ. ಇನಿಷಿಯಲ್ ಇರುತ್ತದೆ, ಅಪ್ಪನ ಹೆಸರೋ ಊರಿನ ಹೆಸರೋ ಇರುತ್ತದೆ. ಆದರೂ ತಂತ್ರಾಂಶ ಬರೆದವರು ‘ಮೊದಲ ಹೆಸರು’, ‘ಕೊನೆಯ ಹೆಸರು’ ಎಂದು ಎರಡು ಕಾಲಂ ಇಟ್ಟು ಎರಡನ್ನೂ ಕಡ್ಡಾಯ ಮಾಡಿರುತ್ತಾರೆ. ಮುಂದೊಂದು ದಿನ ಅವನ್ನು ಸೇರಿಸಿ ‘ಪೂರ್ಣ ಹೆಸರು’ ಎಂದು ಒಂದೇ ಕಾಲಂ ಮಾಡಬೇಕಾಗುತ್ತದೆ. ಅರ್ಧ ಗಂಟೆಯ ಕೆಲಸವೆಂದು ಶುಕ್ರವಾರ ಸಂಜೆ ಕೈಹಾಕಿ, ರಾತ್ರಿಯಿಡೀ ಬ್ಯಾಕಪ್‌ನಿಂದ ಡೇಟಾ ವಾಪಸ್ ತರುತ್ತ ಕೂತವರನ್ನು ಹಲವು ಸಲ ನೋಡಿದ್ದೇನೆ. ಸೇವೆ ನಿಲ್ಲಿಸದೆ ಮಾಡುವ ದಾರಿ ಇಲ್ಲಿದೆ. ಡೇಟಾಬೇಸ್ ಪೋಸ್ಟ್‌ಗ್ರೆಸ್ ಎಂದಿಟ್ಟುಕೊಳ್ಳಿ.

ಹಂತ 1. ಹೊಸ ಕಾಲಂ ಸೇರಿಸಿ, ಸದ್ಯಕ್ಕೆ ಖಾಲಿ ಇರಲಿ. ಹಳೆಯದರ ಹೆಸರು ಬದಲಿಸಲು ಹೋಗಲೇಬೇಡಿ. ಕೆಲವು ಓಆರ್‌ಎಂಗಳು (ಕೋಡಿಗೂ ಡೇಟಾಬೇಸಿಗೂ ನಡುವೆ ಕೆಲಸ ಮಾಡುವ ಲೈಬ್ರರಿಗಳು) ಹೆಸರು ಬದಲಾವಣೆಯನ್ನು ‘ಹಳೆಯದನ್ನು ಅಳಿಸು, ಹೊಸದನ್ನು ಸೇರಿಸು’ ಎಂದು ಬರೆದುಕೊಡುತ್ತವೆ. ಓದದೆ ಓಡಿಸಿದರೆ ಡೇಟಾ ಹೋಯಿತು. ‘ಆಲ್ಟರ್ ಟೇಬಲ್’ (ಟೇಬಲ್‌ನ ರಚನೆ ಬದಲಿಸುವ ಆದೇಶ) ಕೊಡುವ ಮುನ್ನ ಲಾಕ್ ಟೈಮ್‌ಔಟನ್ನು, ಅಂದರೆ ಲಾಕ್ ಸಿಗಲೆಂದು ಕಾಯುವ ಮಿತಿಯನ್ನು, 2 ಸೆಕೆಂಡಿಗೆ ಇಡಿ. ಇಲ್ಲದಿದ್ದರೆ ಯಾವುದೋ ಉದ್ದದ ರಿಪೋರ್ಟ್ ಮುಗಿಯಲೆಂದು ಅದು ಕಾಯುತ್ತದೆ, ಅದರ ಹಿಂದೆ ಆ ಟೇಬಲ್‌ನ ಉಳಿದೆಲ್ಲ ಕ್ವೆರಿಗಳೂ (ಡೇಟಾ ಓದುವ, ಬರೆಯುವ ಆದೇಶಗಳು) ಸಾಲುಗಟ್ಟುತ್ತವೆ.

ಹಂತ 2. ಕೋಡ್ ಎರಡೂ ಕಡೆ ಬರೆಯಲಿ, ಓದುವುದು ಮಾತ್ರ ಹಳೆಯದರಿಂದ. ಹೊಸ ಕೋಡ್ ಎಲ್ಲ ಸರ್ವರ್‌ಗೂ ತಲುಪಿದೆಯೇ ಎಂದು ಒಂದೊಂದಾಗಿ ನೋಡಿ. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್‌ನ 8 ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ವರ್ಷಗಳಿಂದ ಬಳಸದೆ ಬಿಟ್ಟಿದ್ದ ಕೋಡ್ ಅಲ್ಲಿ ಚಾಲೂ ಆಗಿ, ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟವಾಯಿತು.

ಹಂತ 3. ಹಳೆಯ ದಾಖಲೆಗಳನ್ನು ಹೊಸ ಕಾಲಂಗೆ ತುಂಬಿಸುವುದು. ಎಲ್ಲರೂ ಎಡವುವುದು ಇಲ್ಲೇ.

ಇಡೀ ಟೇಬಲ್‌ಗೆ ಒಂದೇ ‘ಅಪ್‌ಡೇಟ್’ ಕೊಡಬೇಡಿ. ಅದು ಮುಗಿಯುವ ತನಕ ಮುಟ್ಟಿದ ಪ್ರತಿ ರೋ (ಟೇಬಲ್‌ನ ಸಾಲು) ಲಾಕ್ ಆಗಿರುತ್ತದೆ, ಬೇರೆಯವರು ಅದನ್ನು ತಿದ್ದಲಾಗದು. ಪೋಸ್ಟ್‌ಗ್ರೆಸ್ ಪ್ರತಿ ಅಪ್‌ಡೇಟ್‌ಗೂ ರೋನ ಹೊಸ ಪ್ರತಿ ಬರೆಯುವುದರಿಂದ ಟೇಬಲ್ ಕೂಡ ಊದಿಕೊಳ್ಳುತ್ತದೆ. ಐಡಿಯ ಕ್ರಮದಲ್ಲಿ 1,000ದಷ್ಟು ಸಾಲುಗಳ ಬ್ಯಾಚ್ ಮಾಡಿ, ಪ್ರತಿ ಬ್ಯಾಚ್ ಕಮಿಟ್ (ಖಾಯಂ) ಮಾಡಿ, ನಡುವೆ ಅರ್ಧ ಸೆಕೆಂಡ್ ಬಿಡಿ. ರೆಪ್ಲಿಕಾ (ಡೇಟಾಬೇಸಿನ ನಕಲು ಪ್ರತಿ) ಹಿಂದೆ ಬೀಳುತ್ತಿದ್ದರೆ ನಿಲ್ಲಿಸಿ. ಕೊನೆಯ ಐಡಿ ಬರೆದಿಟ್ಟುಕೊಂಡರೆ, ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು.

‘ಹೊಸ ಕಾಲಂ ಖಾಲಿ ಇದ್ದರೆ ಮಾತ್ರ’ ಎಂಬ ಷರತ್ತು ಕಡ್ಡಾಯ, ಅದೂ ಅಪ್‌ಡೇಟ್‌ನ ಒಳಗೇ ಇರಬೇಕು. ಪೈಥಾನ್ ಸ್ಕ್ರಿಪ್ಟಿಗೆ ಡೇಟಾ ಎಳೆದುಕೊಂಡು, ಜೋಡಿಸಿ, ವಾಪಸ್ ಬರೆಯುವ ಅಡ್ಡದಾರಿ ಹಿಡಿದರೆ, ಆ ನಡುವೆ ಯಾರಾದರೂ ತಿದ್ದಿದ ಹೆಸರಿನ ಮೇಲೆ ಹಳೆಯದು ಬಂದು ಕೂರುತ್ತದೆ.

ಇನ್ನು ಹೆಸರುಗಳೇ. ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿಯಲ್ಲಿ ಕೊನೆಯ ಹೆಸರಿನ ಜಾಗದಲ್ಲಿ ಬರೀ ಚುಕ್ಕಿ ಇತ್ತು. ಕಡ್ಡಾಯ ಎಂದಿದ್ದಕ್ಕೆ ಕೌಂಟರಿನವರು ಇನ್ನೇನು ಹಾಕಬೇಕಿತ್ತು? ನಾವು ಹಾಗೇ ಸೇರಿಸಿಬಿಟ್ಟೆವು, ಪಾಸ್‌ಬುಕ್ಕಿನಲ್ಲಿ ‘ಮಂಜುನಾಥ.’ ಎಂದು ಅಚ್ಚಾಯಿತು. ಕೆಲವೆಡೆ ‘ಸರೋಜಮ್ಮ ಸರೋಜಮ್ಮ’. ಆದ್ದರಿಂದ ತುಂಬಿಸುವ ಮೊದಲೇ ಕೊನೆಯ ಹೆಸರುಗಳನ್ನು ಗುಂಪು ಮಾಡಿ ಎಣಿಸಿ. ಚುಕ್ಕಿ, ಅಡ್ಡಗೆರೆ, ‘ಎನ್‌ಎ’ಗಳನ್ನು ಕೈಬಿಡಿ. ಒಂದೇ ಅಕ್ಷರ ಇರುವವನ್ನು ಬೇರೆ ಪಟ್ಟಿ ಮಾಡಿ, ‘ಮಂಜುನಾಥ ಕೆ.’ ಬೇಕೋ ‘ಕೆ. ಮಂಜುನಾಥ’ ಬೇಕೋ ಎಂಬುದನ್ನು ಸದಸ್ಯರನ್ನು ಬಲ್ಲ ಗುಮಾಸ್ತರೇ ಹೇಳಬೇಕು, ನೀವು ಊಹಿಸಬಾರದು. ಆಮೇಲೂ ಒಂದು ವಾರ ಪ್ರತಿ ರಾತ್ರಿ ಹಳೆಯದಕ್ಕೂ ಹೊಸದಕ್ಕೂ ತಾಳೆ ನೋಡಿ.

ಹಂತ 4. ಓದುವುದನ್ನು ಹೊಸ ಕಾಲಂಗೆ ತಿರುಗಿಸಿ. ಬರೆಯುವುದು ಎರಡಕ್ಕೂ ನಡೆದಿರಲಿ, ಎಡವಟ್ಟಾದರೆ ಹಿಂದಕ್ಕೆ ಹೋಗಬಹುದು.

ಹಂತ 5. ಹಳೆಯದಕ್ಕೆ ಬರೆಯುವುದನ್ನು ನಿಲ್ಲಿಸಿ. ಅದಕ್ಕೂ ಮೊದಲು ಹಳೆಯ ಕಾಲಂಗಳ ‘ನಾಟ್ ನಲ್’ (ಖಾಲಿ ಬಿಡುವಂತಿಲ್ಲ ಎಂಬ ಕಟ್ಟಳೆ) ತೆಗೆಯಿರಿ. ಮರೆತರೆ ಮರುಕ್ಷಣದಿಂದ ಒಬ್ಬ ಹೊಸ ಸದಸ್ಯನೂ ಸೇರಲಾರ.

ಹಂತ 6. ಹಳೆಯ ಕಾಲಂ ಅಳಿಸಿ, ಆದರೆ ಈ ವಾರ ಬೇಡ. ಕೋಡಿನಲ್ಲಿ ಹುಡುಕಿದರೆ ಸಾಲದು. ರಾತ್ರಿ ಓಡುವ ಸ್ಕ್ರಿಪ್ಟ್‌ಗಳು, ಲೆಕ್ಕಪತ್ರದವರ ಎಕ್ಸೆಲ್ ಕ್ವೆರಿಗಳನ್ನೂ ನೋಡಿ. ವರ್ಷಕ್ಕೊಮ್ಮೆ ಮಾತ್ರ ತೆಗೆಯುವ ವರದಿ ಇದ್ದರೆ ಮಾರ್ಚ್ 31ರ ಲೆಕ್ಕ ಮುಗಿಯುವ ತನಕ ಆ ಕಾಲಂ ಅಲ್ಲೇ ಇರಲಿ.